ನಾಲ್ಕು ತಂತಿ, ನಾಲ್ಕು ತಾಲ್ಲೂಕು

1987-88ರ ಸುಮಾರಿಗೆ ನಮ್ಮ ಕಡೆಯ ರಸಮಂಜರಿಗಳಲ್ಲಿ ಬಾಸ್ ಗಿಟಾರ್ ಕೇಳಿಸುತ್ತಿದ್ದುದಕ್ಕಿಂತ ಕಾಣಿಸುತ್ತಿದ್ದುದೇ ಹೆಚ್ಚು. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಗಣೇಶನ ಪೆಂಡಾಲು, ಮಾರಿಹಬ್ಬ, ಊರ ಜಾತ್ರೆಗಳಲ್ಲಿ ನಾನು ಬಾಸ್ ನುಡಿಸಿಕೊಂಡು ಓಡಾಡಿದವನು. ಊರಿಗೆಲ್ಲ ಹಾಡು ಮುಟ್ಟಿಸುತ್ತಿದ್ದುದು ಗಳುವಿಗೆ ಕಟ್ಟಿದ ಹಾರ್ನ್ ಸ್ಪೀಕರುಗಳು. ಆ ಹಾರ್ನು ಮಾತನ್ನು ಅರ್ಧ ಮೈಲಿ ಒಯ್ಯುತ್ತದೆ, ಆದರೆ ಸೆಕೆಂಡಿಗೆ 200-300 ಕಂಪನಕ್ಕಿಂತ ಕೆಳಗಿನ ಸದ್ದು ಅದರ ಬಾಯಿಂದ ಸರಿಯಾಗಿ ಹೊರಡುವುದಿಲ್ಲ. ಬಾಸಿನ ಅತಿ ದಪ್ಪ ತಂತಿ ಬಿಡಿಯಾಗಿ ಮೀಟಿದಾಗ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಸಲ, ಅತಿ ತೆಳು ತಂತಿ 98 ಸಲ. ಅಂದರೆ ನನ್ನ ನಾಲ್ಕು ತಂತಿಗಳ ಮೂಲ ಸ್ವರ ಒಂದೂ ಆ ಹಾರ್ನಿನೊಳಗಿಂದ ಆಚೆ ಬರುತ್ತಿರಲಿಲ್ಲ. ವೇದಿಕೆಯ ಪಕ್ಕ ಮೈಕ್‌ಸೆಟ್‌ನವರು ಎರಡು ಬಾಕ್ಸ್ ಇಟ್ಟಿದ್ದರೆ ಮುಂದೆ ಕೂತ ಮಕ್ಕಳಿಗೆ ಎದೆಯಲ್ಲಿ ಒಂದಿಷ್ಟು ತಟ್ಟುತ್ತಿತ್ತು. ಹಿಂದೆ ನಿಂತವರಿಗೆ ಅದೂ ಇಲ್ಲ.

ಆದರೂ ಬಾಸ್ ಬೇಕೇ ಬೇಕು ಎನ್ನುತ್ತಿದ್ದರು. ಹಬ್ಬದ ಕಮಿಟಿಯವರು ಬುಕ್ಕಿಂಗಿಗೆ ಬಂದಾಗ ನಮ್ಮ ಮ್ಯಾನೇಜರನ್ನು ಕೇಳುತ್ತಿದ್ದ ಮಾತು ಇದು: “ಹೋದ್ವರ್ಸ ಉದ್ದದ ಗಿಟಾರ್ ಇಡ್ಕಂಡಿದ್ನಲ್ಲ ಕೆಂಪುದು, ಅವ್ನು ಬತ್ತನಾ?” ವೇದಿಕೆಯ ಮೇಲೆ ಡ್ರಂಸೆಟ್, ಕಾಂಗೋ, ಕೀಬೋರ್ಡ್, ಲೀಡ್ ಗಿಟಾರ್, ಉದ್ದ ಕತ್ತಿನ ಬಾಸ್ ಇಷ್ಟೂ ನಿಂತಿದ್ದರೆ ಅದು ಪೂರ್ತಿ ತಂಡ, ಒಂದು ಕಡಿಮೆಯಾದರೂ ಪೇಮೆಂಟಿನಲ್ಲಿ ಚೌಕಾಸಿ. ಹೀಗಾಗಿ ಬಾಸಿನ ಅಂದವನ್ನು ಕೀಳಾಗಿ ಕಾಣುವವರ ಮಾತನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಹೊಳೆಯುವ ಬಣ್ಣ, ಬಿಳಿಯ ಪ್ಲಾಸ್ಟಿಕ್ ಫಲಕ, ತಂತಿ ಬಿಗಿಯುವ ಥಳಥಳಿಸುವ ಕೀಗಳು ಒಂದು ಬಡ ತಂಡದ ಆದಾಯದ ಭಾಗವಾಗಿದ್ದವು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಪ್ಪು ಗಿಟಾರ್ ಮಸುಕಾಗುತ್ತದೆ, ಕಂದು ಮರದ ಬಣ್ಣದ್ದು ಹಾರ್ಮೋನಿಯಂ ಪೆಟ್ಟಿಗೆಯ ಜೊತೆ ಬೆರೆತುಹೋಗುತ್ತದೆ. ಕೆಂಪು ಎದ್ದು ಕಾಣುತ್ತದೆ. ನಾನು ಕೆಂಪನ್ನು ಆರಿಸಿಕೊಂಡಿದ್ದು ಈ ಲೆಕ್ಕದ ಮೇಲೆ.

ಆ ಕೆಂಪು ವಾದ್ಯ ಒಳ್ಳೆಯದಾಗಿತ್ತೇ? ಇಲ್ಲ. ದೇಶದಲ್ಲೇ ತಯಾರಾದದ್ದು, 2,000 ರೂಪಾಯಿಯ ಆಸುಪಾಸಿನದು. ಹಳೆಯ ವಾದ್ಯಗಳಲ್ಲಿ ಏನೋ ಜೀವ ಇತ್ತು ಎನ್ನುವವರು ಅದನ್ನು ಒಂದು ರಾತ್ರಿ ಹೆಗಲಿಗೆ ಹಾಕಿಕೊಳ್ಳಬೇಕಿತ್ತು. ಮರ ಸರಿಯಾಗಿ ಒಣಗುವ ಮೊದಲೇ ಕೊಯ್ದಿದ್ದರು. ಬಾಸಿನ ನಾಲ್ಕು ತಂತಿಗಳು ಸೇರಿ ಕತ್ತನ್ನು ಸುಮಾರು 75 ಕಿಲೋ ಬಲದಿಂದ ಎಳೆಯುತ್ತವೆ. ಆ ಎಳೆತಕ್ಕೆ ಎದುರಾಗಿ ನಿಲ್ಲಲು ಕತ್ತಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ, ಅದರ ತುದಿಯ ತಿರುಪು ತಿರುಗಿಸಿ ಕತ್ತಿನ ಬಾಗು ಸರಿಮಾಡಬೇಕು. ನನ್ನದರಲ್ಲಿ ಸರಳು ಇತ್ತು, ತಿರುಗುತ್ತಿರಲಿಲ್ಲ. ಕತ್ತು ಬಾಗಿ, ಬೆರಳುಹಲಗೆಯ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಹನ್ನೆರಡನೆಯದರ ಹತ್ತಿರ ತಂತಿಗೂ ಹಲಗೆಗೂ ನಡುವೆ ಬೆರಳು ತೂರುವಷ್ಟು ಎತ್ತರ ನಿಂತಿತ್ತು. ಒತ್ತಿ ಒತ್ತಿ ಎಡಗೈ ಊದಿಕೊಳ್ಳುತ್ತಿತ್ತು. ಫ್ರೆಟ್ಟುಗಳನ್ನು ಕೈಲೆಕ್ಕದಲ್ಲಿ ಕೂರಿಸಿದ್ದರಿಂದ ಕೆಳಗೆ ಶ್ರುತಿ ಕೂಡಿದರೆ ಮೇಲೆ ತಪ್ಪುತ್ತಿತ್ತು. ಇಳಯರಾಜ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಕಟ್ಟಿದ ಬಾಸ್ ಬರಿಯ ತಾಳದ ಒತ್ತಲ್ಲ, ಹಾಡಿನ ಕೆಳಗೆ ಹರಿಯುವ ಇನ್ನೊಂದು ರಾಗ. ಅದು ಮೇಲಿನ ಫ್ರೆಟ್ಟುಗಳವರೆಗೂ ಹತ್ತುತ್ತದೆ. ನನ್ನ ವಾದ್ಯದಲ್ಲಿ ಆ ಮೇಲಿನ ಸ್ವರಗಳು ಇರಲೇ ಇಲ್ಲ. ಹಾಗಾಗಿ ಅವನ್ನೆಲ್ಲ ಕೆಳಗಿನ ಮನೆಗಳಿಗೆ ಇಳಿಸಿಕೊಂಡು ನುಡಿಸುತ್ತಿದ್ದೆ. ‘ಪ್ರೇಮಲೋಕ’ (1987) ಬಂದ ಮೇಲೆ ಹಂಸಲೇಖರ ಹಾಡುಗಳಿಲ್ಲದೆ ಯಾವ ಊರಿನವರೂ ವೇದಿಕೆಯಿಂದ ಇಳಿಯಲು ಬಿಡುತ್ತಿರಲಿಲ್ಲ. ಅವುಗಳ ವೇಗಕ್ಕೆ ಆ ಎತ್ತರದ ತಂತಿಗಳ ಮೇಲೆ ಬೆರಳು ಓಡಿಸುವುದು ದೈಹಿಕ ಶ್ರಮವೇ ಆಗಿತ್ತು.

ಒಂದು ರಿಪೇರಿ ಮಾತ್ರ ನಿಜಕ್ಕೂ ಫಲ ಕೊಟ್ಟಿತು. ತಂತಿಗಳು ಕತ್ತಿನ ತುದಿಯಲ್ಲಿ ಹಾಯುವ ಕಚ್ಚುಗಳಿರುವ ತುಂಡಿಗೆ ನಟ್ ಎನ್ನುತ್ತಾರೆ. ನನ್ನದು ಮೆತ್ತನೆಯ ಪ್ಲಾಸ್ಟಿಕ್ಕಿನದು, ದಪ್ಪ ತಂತಿ ಅದನ್ನು ಕೊರೆದು ಕೆಳಗಿಳಿದು ಮೊದಲ ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತಿತ್ತು. ನಾಗಮಂಗಲ ಕಂಚು ಹಿತ್ತಾಳೆಯ ವಿಗ್ರಹಗಳಿಗೆ ಹಿಂದಿನಿಂದ ಹೆಸರಾದ ಊರು. ಅಲ್ಲಿ ಎರಕದ ಕೆಲಸ ಬಲ್ಲ ಹಿರಿಯರೊಬ್ಬರು ಹಿತ್ತಾಳೆಯ ತುಂಡೊಂದನ್ನು ಅರದಿಂದ ತಿಕ್ಕಿ, ನಾಲ್ಕು ಕಚ್ಚುಗಳನ್ನು ತಂತಿಯ ದಪ್ಪಕ್ಕೆ ಸರಿಯಾಗಿ ಕೊರೆದುಕೊಟ್ಟರು. “ದೇವ್ರ ಕೆಲ್ಸ ಅಲ್ದಿದ್ರೂ ಗೆರೆ ಗೆರೆನೇ ಕಣಪ್ಪ” ಅಂದರು. ಬಿಡಿ ತಂತಿಯ ದನಿ ತೆರೆದುಕೊಂಡಿತು, ಗರಗರ ನಿಂತಿತು. ಮೂಲದ ಬೆಲೆಯ ಎದುರು ಆ ಖರ್ಚು ಏನೂ ಅಲ್ಲ. ಅಗ್ಗದ ವಾದ್ಯದ ಗುಣ ಎಲ್ಲಿ ಕೂತಿರುತ್ತದೆ ಎಂಬುದನ್ನು ನಾನು ಕಲಿತದ್ದು ಅವರ ಅರದಿಂದ: ಬಣ್ಣ, ಮೈಯ ಮರಕ್ಕಿಂತ ಮೊದಲು ತಂತಿ ತಾಗುವ ಜಾಗಗಳಲ್ಲಿ.

ಇನ್ನು ಕರೆಂಟಿನ ಗುಂಯ್‌ಗುಡುವಿಕೆ. ಸೀರಿಯಲ್ ಸೆಟ್, ಟ್ಯೂಬ್‌ಲೈಟ್, ಪಕ್ಕದಲ್ಲೇ ಜನರೇಟರ್, ಅರ್ಥಿಂಗ್ ಇಲ್ಲದ ಆಂಪ್ಲಿಫೈಯರ್. ಇವೆಲ್ಲದರ ನಡುವೆ ಒಂದೇ ಸುರುಳಿಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಇರುವ ಬಾಸನ್ನು ಚುಚ್ಚಿದರೆ ಗುಂಯ್ ಶುರು. ನಮ್ಮ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50. ಬಾಸಿನ ದಪ್ಪ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರ 49. ಎರಡೂ ಒಟ್ಟಿಗೆ ಬಿದ್ದರೆ ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ಜಿ ಶ್ರುತಿಯ ಹಾಡು ಬಂತೆಂದರೆ ನನಗೆ ಸಂಕಟ. ಜನರೇಟರಿನ ಮೇಲೆ ಭಾರ ಹೆಚ್ಚಾಗಿ ಅದು ನಿಧಾನವಾದರೆ ಗುಂಯ್ ಕೂಡ ಇಳಿದು ನನ್ನ ಸ್ವರದ ಮೇಲೇ ಬಂದು ಕೂರುತ್ತಿತ್ತು. ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿತ್ತು. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದರು, 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದರ ಗುಂಯ್ ಇನ್ನೊಂದರಿಂದ ಅಳಿಯುವಂತೆ ಸುತ್ತಿದರು. ಮೂವತ್ತು ವರ್ಷವಾದರೂ ಆ ಮದ್ದು ನಮ್ಮ ಕೈಗೆಟಕುವ ವಾದ್ಯಗಳಿಗೆ ಬಂದಿರಲಿಲ್ಲ. ನನ್ನದರಲ್ಲಿ ತುಂಡಾದ ಪಿಕಪ್ಪಿನ ಆಕಾರ ಮಾತ್ರ ಇತ್ತು, ಒಳಗಿನ ಸುತ್ತು ಹಾಗಿರಲಿಲ್ಲ.

ಹವೆಯ ಕಾಟ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರ ಕಾವೇರಿ ಮತ್ತು ವಿಶ್ವೇಶ್ವರಯ್ಯ ನಾಲೆಯ ನೀರಿನ ಸೀಮೆ. ಭತ್ತ, ಕಬ್ಬಿನ ಗದ್ದೆಯ ಪಕ್ಕದ ವೇದಿಕೆಯಲ್ಲಿ ರಾತ್ರಿ ಹನ್ನೊಂದಕ್ಕೆಲ್ಲ ವಾದ್ಯದ ಮೈ ತೇವ. ನಾಗಮಂಗಲದ ಬೆದ್ದಲು ಸೀಮೆಯಲ್ಲಿ ಮಾರ್ಚ್ ತಿಂಗಳ ಒಣಹವೆಗೆ ಅದೇ ಮರ ಕುಗ್ಗಿ, ಫ್ರೆಟ್ಟಿನ ತುದಿಗಳು ಅಂಚಿನಿಂದ ಆಚೆ ಬಂದು ಅಂಗೈ ಗೀರುತ್ತಿದ್ದವು. ಕೆ.ಆರ್. ಪೇಟೆಯ ಹೇಮಗಿರಿ ದನಗಳ ಜಾತ್ರೆ ರಥಸಪ್ತಮಿಯ ಚಳಿಯಲ್ಲಿ ಬರುತ್ತದೆ. ಆ ಕಡೆಯ ಊರುಗಳಲ್ಲಿ ರಾತ್ರಿಯಿಡೀ ನುಡಿಸಿದರೆ ಮೂರು ಗಂಟೆಯ ಹೊತ್ತಿಗೆ ಉಕ್ಕಿನ ತಂತಿ ಬಿಗಿದು ಶ್ರುತಿ ಏರುತ್ತದೆ, ಕೀಬೋರ್ಡಿನದು ಮಾತ್ರ ಇದ್ದಲ್ಲೇ ಇರುತ್ತದೆ. ಹಾಡಿನ ಮಧ್ಯೆ ಕೀ ತಿರುಗಿಸಿದರೆ ಹಲ್ಲು ಸವೆದ ಕೀ ಜಾರಿ ಶ್ರುತಿ ಪೂರಾ ಕೆಳಗೆ ಬೀಳುವುದು. ಈ ನಾಲ್ಕು ತಾಲ್ಲೂಕುಗಳಲ್ಲಿ ಬಾಸಿನ ಪರೀಕ್ಷೆ ನಡೆಯುತ್ತಿದ್ದುದು ಆ ಮೂರು ಗಂಟೆಗೆ. ಅಂಗಡಿಯ ಫ್ಯಾನಿನ ಕೆಳಗೆ ಚೆಂದ ಕೇಳಿದ್ದಕ್ಕೆ ಅರ್ಥವಿರಲಿಲ್ಲ.

ಮೂರು ಗಂಟೆಯ ಆ ಪರೀಕ್ಷೆ ಈಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ಬಂದವು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಗಟ್ಟಿಯಾಗಿ ಹೇಳಿತು. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶವಿದೆ. ಪೊಲೀಸರು ಬಂದು ಲೈಟ್ ಆಫ್ ಮಾಡಿಸಿದಾಗ ಊರಿನವರು ಸಿಡುಕುವುದನ್ನು ಕಂಡಿದ್ದೇನೆ. ನನಗೆ ಆ ನಿಯಮ ಸರಿ ಎನಿಸುತ್ತದೆ. ಬೆಳಗಿನ ಜಾವ ಮರಕ್ಕೆ ಒರಗಿ ನಿದ್ದೆ ಹೋದ ಜನರ ಮುಂದೆ ನುಡಿಸುವುದರಲ್ಲಿ ಕಲೆಯ ಹಿತವೂ ಇರಲಿಲ್ಲ, ಪಕ್ಕದ ಮನೆಯ ಬಾಣಂತಿಗೆ ನೆಮ್ಮದಿಯೂ ಇರಲಿಲ್ಲ.

ವಾದ್ಯ ಬದಲಾದದ್ದು ಬೇರೆ ದಾರಿಯಿಂದ. ಗ್ರಾಹಕ ವಸ್ತುಗಳ ಆಮದಿನ ಮೇಲೆ ಉಳಿದಿದ್ದ ಪ್ರಮಾಣದ ಕಟ್ಟುಪಾಡುಗಳನ್ನು ಸರ್ಕಾರ 2001ರ ಏಪ್ರಿಲ್‌ನಲ್ಲಿ ತೆಗೆಯಿತು. ಅಷ್ಟರಲ್ಲಿ ಇಂಡೊನೇಷ್ಯ, ಚೀನಾ ಕಾರ್ಖಾನೆಗಳಲ್ಲಿ ಕತ್ತು ಕೆತ್ತುವ, ಫ್ರೆಟ್ಟಿನ ಕಚ್ಚು ಕೊರೆಯುವ ಕೆಲಸವನ್ನು ಕಂಪ್ಯೂಟರ್ ಯಂತ್ರಗಳು ವಹಿಸಿಕೊಂಡಿದ್ದವು. ಬೆಲೆ ಕಡಿಮೆಯಾದರೂ ಅಳತೆ ತಪ್ಪದಿರುವುದಕ್ಕೆ ಇದೇ ಕಾರಣ. ಇಂದು 15,000ದಿಂದ 25,000 ರೂಪಾಯಿಯೊಳಗೆ ಸಿಗುವ ಯಮಾಹ ಟಿಆರ್‌ಬಿಎಕ್ಸ್ 174, ಐಬನೆಜ್ ಜಿಎಸ್‌ಆರ್ 200ರಂಥವು ಅಂದು ನಮ್ಮ ಸೀಮೆಯ ಯಾವ ತಂಡದ ಬಳಿ ಇದ್ದ ಬಾಸಿಗಿಂತಲೂ ಮೇಲು. ಎರಡರಲ್ಲೂ ಗುಂಯ್ ಅಳಿಸುವ ತುಂಡು ಪಿಕಪ್ ಒಂದು, ತಂತಿಗಳ ಕೆಳತುದಿ ಕೂರುವ ಬ್ರಿಜ್ಜಿನ ಹತ್ತಿರ ಒಂಟಿ ಸುರುಳಿಯದು ಒಂದು. ಸರಳು ತಿರುಗುತ್ತದೆ, ಕೀ ಜಾರುವುದಿಲ್ಲ. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ಮರದ ವಿಚಾರದಲ್ಲಿ ಮಾತ್ರ ಇನ್ನೂ ಹಳೆಯ ನಂಬಿಕೆ ಉಳಿದಿದೆ. ಬೆರಳುಹಲಗೆ ಬೀಟೆಯದೇ ಆಗಬೇಕು ಎನ್ನುತ್ತಾರೆ. ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಪರವಾನಗಿಯ ಕಟ್ಟು ಬಿತ್ತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಗುವಷ್ಟರಲ್ಲಿ ಅಗ್ಗದ ಸಾಲಿನ ತಯಾರಕರು ಬೇರೆ ಮರಗಳಿಗೆ ಹೋಗಿದ್ದರು. ಫೆಂಡರಿನ ಅಗ್ಗದ ಸಾಲು ಸ್ಕ್ವಯರ್‌ನ ಹಲವು ಮಾದರಿಗಳಲ್ಲಿ ಈಗ ಇರುವುದು ಇಂಡಿಯನ್ ಲಾರೆಲ್. ಅದು ನಮ್ಮ ಮತ್ತಿ ಮರ, ತೊಲೆಗೂ ಬಾಗಿಲ ಚೌಕಟ್ಟಿಗೂ ಬಳಸುವಂಥದ್ದು. ಯಮಾಹದ ಇನ್ನೊಂದು ಮಾದರಿಯ ಮೈಮೇಲೆ ಮಾವಿನ ಮರದ ತೆಳು ಹಾಳೆ ಅಂಟಿಸಿದ್ದಾರೆ, ಅದರ ಗೆರೆಗಳ ಚೆಲುವಿಗಾಗಿ. ನಮ್ಮಲ್ಲಿ ಮಾವು ಎಂದರೆ ಸೆಂಟ್ರಿಂಗ್ ಹಲಗೆ, ಪ್ಯಾಕಿಂಗ್ ಪೆಟ್ಟಿಗೆ. ಚೆನ್ನಾಗಿ ಒಣಗಿಸಿ ಪಾಲಿಶ್ ಹಾಕಿದ್ದನ್ನು ಕಂಡಾಗ ಆ ಮರಕ್ಕೆ ಕೊನೆಗೂ ಮರ್ಯಾದೆ ಸಿಕ್ಕಿತೆಂದು ನನಗೆ ಸಂತೋಷವಾಯಿತು. ದನಿಯ ಮಾತು ಹೇಳುವುದಾದರೆ, ಬಯಲಿನ ವೇದಿಕೆಯಲ್ಲಿ ಬೀಟೆಗೂ ಮತ್ತಿಗೂ ಇರುವ ವ್ಯತ್ಯಾಸ ಯಾರ ಕಿವಿಗೂ ಸಿಗುವುದಿಲ್ಲ. ಹೊಸ ತಂತಿಗೂ ಹಳೆಯ ತಂತಿಗೂ ಇರುವ ವ್ಯತ್ಯಾಸ ಎಲ್ಲರ ಕಿವಿಗೂ ಸಿಗುತ್ತದೆ. ಅಂದು ಒಂದು ಸೆಟ್ ತಂತಿಯನ್ನು ಕುದಿಯುವ ನೀರಿಗೆ ಹಾಕಿ, ಜಿಡ್ಡು ಬಿಡಿಸಿ, ಒಣಗಿಸಿ ಮತ್ತೆ ಮತ್ತೆ ಕಟ್ಟುತ್ತಿದ್ದೆವು.

ಅಕ್ಕನ ಮಗ ಕೆ.ಆರ್. ಪೇಟೆಯವನು. ಬಾಸ್ ಕೊಳ್ಳಬೇಕೆಂದು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದ. ಅಂಗಡಿಯಲ್ಲಿ ಒಂದನ್ನು ಎತ್ತಿ, “ಮಾವ, ಇದು ಹೆಂಗದೆ ನೋಡಿ” ಅಂದ. ನೋಡುವ ಮೊದಲು ಹೆಗಲಿಗೆ ಹಾಕಿಕೊಂಡು ಎರಡೂ ಕೈ ಬಿಡು ಎಂದೆ. ಕತ್ತು ನೆಲದ ಕಡೆ ವಾಲಿತು. ಎಡಗೈ ಅದನ್ನು ಎತ್ತಿ ಹಿಡಿಯುವುದಕ್ಕೇ ಹೋದರೆ ನುಡಿಸುವುದು ಯಾವಾಗ? ಅದನ್ನು ಬದಿಗಿಟ್ಟೆವು. ಇನ್ನೊಂದು ನೆಟ್ಟಗೆ ನಿಂತಿತು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಬರಿದೆ ಮುಟ್ಟಿ ಮೀಟಿದ ದನಿಯನ್ನೂ ಒತ್ತಿ ಮೀಟಿದ ದನಿಯನ್ನೂ ಹೋಲಿಸಿದೆ. ನಾಲ್ಕೂ ತಂತಿ ಕೂಡಿದವು. ತೆಳು ತಂತಿಯ ಐದರಿಂದ ಏಳನೆಯ ಫ್ರೆಟ್ಟಿನ ನಡುವೆ ಹಲವು ಬಾಸ್‌ಗಳಲ್ಲಿ ಸ್ವರ ಬೇಗ ಸತ್ತುಹೋಗುತ್ತದೆ, ದುಬಾರಿಯವುಗಳಲ್ಲೂ. ಅಲ್ಲಿ ಒಂದೊಂದೇ ಸ್ವರ ಒತ್ತಿಹಿಡಿದು ಕೊನೆಯವರೆಗೂ ಕೇಳಿದೆವು. ಆಮೇಲೆ ಅಂಗಡಿಯವರಲ್ಲಿ ಕೇಳಿ ಟ್ಯೂಬ್‌ಲೈಟಿನ ಹತ್ತಿರ ನಿಂತು, ಗುಂಯ್ ಎಷ್ಟಿದೆ ಎಂದು ತಿಳಿಯಲು ಪಿಕಪ್‌ಗಳ ದನಿಯನ್ನು ಒಂದೊಂದಾಗಿ ತೆರೆದೆ. ಬಣ್ಣ ಅವನ ಇಷ್ಟಕ್ಕೆ ಬಿಟ್ಟೆ, ಆದರೆ ಕಪ್ಪು ಬೇಡ ಎಂದು ಹೇಳಿದೆ. ಈಗಿನ ಎಲ್‌ಇಡಿ ಬೆಳಕಿನಲ್ಲಿ ಕಪ್ಪೂ ಚೆನ್ನಾಗಿ ಕಾಣುತ್ತದೆ ಎಂದು ಅವನು ವಾದಿಸಿದ. ಶ್ರೀರಂಗಪಟ್ಟಣ ದಸರಾ ವೇದಿಕೆಯನ್ನು ನೆನೆದರೆ ಅವನ ಮಾತಿನಲ್ಲಿ ಹುರುಳಿದೆ. ಕಪ್ಪನ್ನೇ ಕೊಂಡ.

ಅವನಿಗೆ ನುಡಿಸಲು ಜಾಗ ಎಲ್ಲಿದೆ ಎಂಬುದು ಕಷ್ಟದ ಪ್ರಶ್ನೆ. ಕೀಬೋರ್ಡಿನವನ ಎಡಗೈ ಬಾಸನ್ನು ನೋಡಿಕೊಳ್ಳುತ್ತದೆ, ಇಲ್ಲವೇ ಹಿನ್ನೆಲೆ ಸಂಗೀತವೆಲ್ಲ ಪೆನ್‌ಡ್ರೈವಿನಲ್ಲಿ ಬಂದು ಗಾಯಕರಿಬ್ಬರು ನಿಂತು ಹಾಡುತ್ತಾರೆ. ಆದರೆ ಇಂದಿನ ದೊಡ್ಡ ಬಾಕ್ಸುಗಳಲ್ಲಿ 41 ಕಂಪನದ ಸ್ವರವೂ ಕೊನೆಯ ಸಾಲಿನವರ ಎದೆಗೆ ತಲುಪುತ್ತದೆ. ಬಾಸನ್ನು ನಿಜವಾಗಿ ಕೇಳಿಸುವ ಸಲಕರಣೆ ಊರೂರಿಗೆ ಬಂದಿದೆ. ಅದಕ್ಕೇ ಕಾಲೇಜಿನ ಹುಡುಗರ ತಂಡಗಳು, ಭಾವಗೀತೆಯ ಕಾರ್ಯಕ್ರಮಗಳು, ಚರ್ಚಿನ ಗಾಯನ ಇಂಥ ಕಡೆ ಬಾಸಿನವನನ್ನು ಮತ್ತೆ ಹುಡುಕುತ್ತಿದ್ದಾರೆ. ಪೇಮೆಂಟ್ ಹೆಚ್ಚಲ್ಲ. ಹಾಗಾಗಿ ವಾದ್ಯಕ್ಕೆ 20,000ಕ್ಕಿಂತ ಹೆಚ್ಚು ಹಾಕಬೇಡಿ, ಉಳಿದದ್ದನ್ನು ತಂತಿಗೂ ಗಟ್ಟಿ ಚೀಲಕ್ಕೂ ಇಟ್ಟುಕೊಳ್ಳಿ ಎನ್ನುವುದು ಕೇಳಿದವರಿಗೆಲ್ಲ ನಾನು ಹೇಳುವ ಮಾತು. ಹತ್ತು ವರ್ಷ ಹಳೆಯ, ಒಬ್ಬರು ಚೆನ್ನಾಗಿ ನೋಡಿಕೊಂಡ ವಾದ್ಯ ಅರ್ಧ ಬೆಲೆಗೆ ಸಿಕ್ಕರೆ ಅದೇ ವಾಸಿ. ಅದರ ಕತ್ತು ನಮ್ಮ ಮಳೆಗಾಲ, ಬೇಸಿಗೆ ಎರಡನ್ನೂ ಆಗಲೇ ಕಂಡಿರುತ್ತದೆ.

ಬೇಸಿಗೆ ಶುರುವಾದಾಗ ಒಮ್ಮೆ, ನಾಲೆಗೆ ನೀರು ಬಿಟ್ಟು ಮಳೆ ಹಿಡಿದಾಗ ಒಮ್ಮೆ ಕತ್ತಿನ ಸರಳನ್ನು ಸರಿಮಾಡಬೇಕು, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬಾರದು. ಆ ಕೆಲಸ ತಿಳಿದವರು ಹತ್ತಿರದಲ್ಲಿ ಕಡಿಮೆ. ಭಾನುವಾರ ಕಿಕ್ಕೇರಿಯಿಂದಲೋ ಬೆಳ್ಳೂರಿನಿಂದಲೋ ಹುಡುಗರು ಬಾಸ್ ಹೊತ್ತು ಪಾಂಡವಪುರಕ್ಕೆ ನನ್ನ ಬಳಿ ಬರುತ್ತಾರೆ. ಸರಳು ತಿರುಗಿಸುವ ಆಲನ್ ಕೀಯನ್ನು ನಾನು ಹಿಡಿಯುವುದಿಲ್ಲ, ಅವರ ಕೈಗೇ ಕೊಟ್ಟು ಪಕ್ಕದಲ್ಲಿ ಕೂರುತ್ತೇನೆ. ಯಾವ ಕಡೆ ತಿರುಗಿಸಿದರೆ ಕತ್ತು ಯಾವ ಕಡೆ ಬಾಗುತ್ತದೆಂದು ಅವರು ಚೀಟಿಯಲ್ಲಿ ಬರೆದು ಚೀಲದ ಒಳಗೆ ಅಂಟಿಸಿಕೊಳ್ಳುತ್ತಾರೆ.