ಫಾರಂನಲ್ಲಿ ಮಾಮನ ಹೆಸರು

ನಾನು ಡಿಸೆಂಬರಿನಲ್ಲಿ ದಮ್ಮಾಮಿನಿಂದ ರಜೆಗೆ ಬಂದ ಮರುದಿನ ಜಮಾಅತಿನ ಹುಡುಗರು ಮನೆಗೆ ಬಂದರು. ಶಾಲೆಗೆ ಕ್ರಿಸ್‌ಮಸ್ ರಜೆ, ಮಕ್ಕಳನ್ನು ಒಂದು ರಾತ್ರಿ ಪೊಸಡಿ ಗುಂಪೆಯ ಬುಡದಲ್ಲಿ ಟೆಂಟ್ ಹಾಕಿ ಮಲಗಿಸುವುದು, ಪ್ರತಿ ಮಗುವಿನ ಜೊತೆ ಮನೆಯ ಒಬ್ಬ ಹಿರಿಯರು ಇರಬೇಕು ಅಂತ ತೀರ್ಮಾನ ಆಗಿತ್ತು. ನನ್ನ ಮಗನ ಫಾರಂ ಮೊದಲೇ ಕೊಟ್ಟಾಗಿತ್ತು. ಖರ್ಚಿನ ಹಣ ಮಾತ್ರ ಬಾಕಿ. ಹಣ ಕೊಡುವಾಗ ಆ ಕಾಗದವನ್ನು ಒಮ್ಮೆ ನೋಡಿದೆ. ‘ಜೊತೆಗೆ ಬರುವವರು’ ಎಂಬಲ್ಲಿ ಮಗನ ದುಂಡು ಅಕ್ಷರದಲ್ಲಿ ಅವನ ಮಾಮನ ಹೆಸರಿತ್ತು.

ಮಾಮ ಅಂದರೆ ನನ್ನ ಹೆಂಡತಿಯ ತಮ್ಮ. ಅವನಿಗೆ ಸೈಕಲ್ ಕಲಿಸಿದ್ದು, ಜ್ವರ ಬಂದಾಗ ಕಾಸರಗೋಡಿಗೆ ಕರಕೊಂಡು ಹೋದದ್ದು, ಶಾಲೆಯ ಮೀಟಿಂಗಿಗೆ ಹೋಗಿ ಕೂತದ್ದು ಎಲ್ಲ ಅವನೇ. ಫಾರಂ ತುಂಬಿಸುವಾಗ ನನ್ನ ರಜೆ ಖಚಿತ ಆಗಿರಲಿಲ್ಲ, ಹಾಗಾಗಿ ಹುಡುಗ ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ತಪ್ಪಿಲ್ಲದ ವಿಷಯಕ್ಕೂ ಬೇಜಾರಾಗುತ್ತದೆ. ಭಾವಮೈದುನ ವಿಷಯ ತಿಳಿದ ಕೂಡಲೇ “ಭಾವ, ನೀವೇ ಹೋಗಿ, ನನಗೆ ಆ ದಿನ ಮಂಗಳೂರಲ್ಲಿ ಕೆಲಸ ಉಂಟು” ಅಂದ. ಅವನಿಗೆ ಕೆಲಸ ಇರಲಿಲ್ಲ ಅಂತ ನನಗೂ ಗೊತ್ತು, ಮಗನಿಗೂ ಗೊತ್ತು. ಮಗ ಏನೂ ಹೇಳಲಿಲ್ಲ. ಬ್ಯಾಗಿಗೆ ಮಾಮನ ಟಾರ್ಚ್ ಹಾಕಿಕೊಂಡ, ಅಷ್ಟೆ.

ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿತ್ತು? ಉಪ್ಪಳದ ನಮ್ಮ ಜೀನಸಿನ ಅಂಗಡಿ ಸುಬ್‌ಹಿ ಕಳೆದು ತೆರೆದರೆ ಇಶಾ ಕಳೆದು ಮುಚ್ಚುವುದು. ಶುಕ್ರವಾರ ಜುಮಾದ ಹೊತ್ತಿಗೆ ಮಾತ್ರ ಅರ್ಧ ಬಾಗಿಲು. ಉಪ್ಪನ ಜೊತೆ ನಾನು ಮಾಡಿದ ಪ್ರಯಾಣವೆಂದರೆ ಮಾಲು ತರಲು ಮಂಗಳೂರಿನ ಬಂದರಿಗೆ ಹೋದದ್ದು. ಬರುವಾಗ ಟೆಂಪೋದಲ್ಲಿ ಮೆಣಸಿನ ಗೋಣಿಯ ಮೇಲೆ ಕೂತು ತಲಪಾಡಿ ದಾಟುವವರೆಗೂ ಸೀನುತ್ತಿದ್ದೆ. ಅದೇ ನಮ್ಮ ಕ್ಯಾಂಪ್.

ಬಂದ್ಯೋಡಿನಿಂದ ಪೆರ್ಮುದೆ ದಾರಿಯಾಗಿ ಧರ್ಮತ್ತಡ್ಕಕ್ಕೆ ಎರಡು ವ್ಯಾನುಗಳಲ್ಲಿ ಹೋದೆವು. ಗುಂಪೆಯ ಕೆಳಗೆ ಪರಿಚಯದವರೊಬ್ಬರ ಅಡಿಕೆ ತೋಟ, ಅದರ ಮೇಲ್ಬದಿಗೆ ಬಯಲು ಪದವು. ಟೆಂಟ್ ಅಲ್ಲೇ. ಗುಡ್ಡದ ಮೇಲೆ ಒಣಗಿದ ಹುಲ್ಲು, ಬೆಂಕಿ ಕಿಡಿ ಬಿದ್ದರೆ ಮುಗಿಯಿತು. ಅದಕ್ಕೆ ಅಡುಗೆಯೆಲ್ಲ ತೋಟದ ಅಂಗಳದಲ್ಲೇ ಅಂತ ಹುಡುಗರು ಕಟ್ಟುನಿಟ್ಟಾಗಿ ಹೇಳಿದರು.

ಟೆಂಟಿನ ಜೊತೆ ಹನ್ನೆರಡು ಗೂಟ ಕೊಟ್ಟಿದ್ದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ, ಗಲ್ಫಿನಲ್ಲಿ ಪಂಪು, ಕಂಪ್ರೆಸರ್ ಬಿಚ್ಚಿ ಜೋಡಿಸುವವ. ಟೆಂಟ್ ಯಾವ ಲೆಕ್ಕ ಅಂತ ಮಗನೆದುರು ಸ್ವಲ್ಪ ಜಂಬ ಮಾಡಿದೆ. ಮೊದಲ ಗೂಟಕ್ಕೆ ಕಲ್ಲಿನಿಂದ ನಾಲ್ಕು ಪೆಟ್ಟು ಕೊಟ್ಟೆ, ಬಾಗಿತು. ಎರಡನೆಯದೂ ಬಾಗಿತು. ಅಡಿಯಲ್ಲಿ ಪೂರ್ತಿ ಮುರಕಲ್ಲು, ಮೇಲೆ ನಾಲ್ಕು ಬೆರಳು ಮಣ್ಣು. ಮುರಕಲ್ಲು ನೆಲದ ಒಳಗಿರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆದು, ಅದಕ್ಕೇ ನಮ್ಮವರ ಮನೆಗಳೆಲ್ಲ ಅದರಲ್ಲೇ ಎದ್ದದ್ದು. ಆದರೆ ಬಿಸಿಲು ಗಾಳಿ ತಾಗಿದ ಮೇಲ್ಪದರ ಗಟ್ಟಿಯಾಗಿಬಿಡುತ್ತದೆ. ಆ ಗೂಟ ಮಾಡಿದವನು ಪದವು ಕಂಡವನಲ್ಲ. ಆರು ಗೂಟ ಬಾಗಿದ ಮೇಲೆ ಮಗ ಮೆಲ್ಲಗೆ ಕೇಳಿದ, “ಮಾಮನಿಗೆ ಫೋನ್ ಮಾಡುವುದಾ?”

“ಬೇಡ” ಅಂದೆ. ಸ್ವರ ಜೋರಾಯಿತು. ಅವನು ಸುಮ್ಮನಾದ.

ಆಮೇಲೆ ಇಬ್ಬರೂ ತೋಟದ ಬದಿಯಲ್ಲಿ ರಾಶಿ ಹಾಕಿದ್ದ ತುಂಡು ಕೆಂಪುಕಲ್ಲುಗಳನ್ನು ಹೊತ್ತು ತಂದೆವು. ಹಗ್ಗವನ್ನು ಕಲ್ಲಿಗೆ ಕಟ್ಟುವುದೇ ಉಪಾಯ. ಡಿಪ್ಲೊಮಾದಲ್ಲಿ ಗಂಟು ಹಾಕಲು ಯಾರೂ ಕಲಿಸಿರಲಿಲ್ಲ. ನನಗೆ ಗೊತ್ತಿದ್ದ ಗಂಟು ಒಂದೇ, ಅಂಗಡಿಯಲ್ಲಿ ಗೋಣಿಯ ಬಾಯಿ ಕಟ್ಟುವುದು. ಎರಡು ಸುತ್ತು ಸುತ್ತಿ, ಕೊನೆಯನ್ನು ಮಡಚಿ ಒಳಗೆ ತೂರಿಸಿ ಬಿಗಿಯುವುದು. ಎಷ್ಟು ಜಗ್ಗಿದರೂ ಜಾರುವುದಿಲ್ಲ, ಮಡಿಕೆಯ ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ. ಮಗ ನಾಲ್ಕನೇ ಕಲ್ಲಿಗೆ ಕಲಿತ. ಆಮೇಲೆ ಪಕ್ಕದ ಟೆಂಟಿನ ಮಕ್ಕಳಿಗೆ ಕಲಿಸಲು ಹೋದ, ಬ್ಯಾರಿಯಲ್ಲಿ ಶುರುಮಾಡಿ ಒಬ್ಬನಿಗೆ ಮಲಯಾಳದಲ್ಲಿ, ಇನ್ನೊಬ್ಬನಿಗೆ ಕನ್ನಡದಲ್ಲಿ ಹೇಳಿಕೊಟ್ಟ.

ಮಗ್ರಿಬಿಗೆ ಗುಡ್ಡದ ಮೇಲಿದ್ದೆವು. ದೂರದಲ್ಲಿ ಸಮುದ್ರ, ಸೂರ್ಯ ಮುಳುಗುತ್ತಾ ಇದ್ದ. ಮಕ್ಕಳೆಲ್ಲ ಸೂರ್ಯನ ಕಡೆಗೇ ಸಫ್ ನಿಂತರು. ಉಸ್ತಾದರು ನಕ್ಕು ಎಲ್ಲರನ್ನೂ ಬಲಕ್ಕೆ ತಿರುಗಿಸಿದರು. ನಮ್ಮಲ್ಲಿಂದ ಕಿಬ್ಲಾ ನೇರ ಪಶ್ಚಿಮಕ್ಕಲ್ಲ, ಸುಮಾರು 20 ಡಿಗ್ರಿ ಉತ್ತರಕ್ಕೆ. ಡಿಸೆಂಬರಿನ ಸೂರ್ಯ ಅಷ್ಟೇ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ನಮಾಜ್ ಮುಗಿದ ಮೇಲೆ ಮಗ ನನ್ನ ಫೋನಿನಲ್ಲಿ ದಿಕ್ಕು ನೋಡಿ, “ನೀವು ದಮ್ಮಾಮಿನಲ್ಲಿ ಯಾವ ಕಡೆಗೆ ನಿಲ್ಲುವುದು?” ಅಂತ ಕೇಳಿದ. ಅಲ್ಲಿಂದ ಮಕ್ಕಾ ನೈಋತ್ಯಕ್ಕೆ. ಹೇಳಿದೆ. ಆ ಕಡೆ ಒಮ್ಮೆ ತಿರುಗಿ ನಿಂತು ನೋಡಿದ. ನನ್ನ ಕೆಲಸದ ಊರಿನ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಇಲ್ಲದಿದ್ದರೆ ಫೋನಿನಲ್ಲಿ ನಮ್ಮ ಮಾತು ‘ತಿಂದೆಯಾ, ಓದಿದೆಯಾ’ದಲ್ಲೇ ಮುಗಿಯುತ್ತಿತ್ತು.

ರಾತ್ರಿ ನೈಚೋರು, ಕೋಳಿಸಾರು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ. ಚಳಿಗೆ ಮಕ್ಕಳು ಬೇಗ ಮಲಗಿದರು.

ಮೂರು ಗಂಟೆಯ ಹೊತ್ತಿಗೆ ಮಗ ನನ್ನ ತೋಳು ಅಲುಗಿಸಿದ. “ಮಾಮಾ, ಮೂತ್ರಕ್ಕೆ ಹೋಗ್ಬೇಕು.” ಕತ್ತಲು, ಅರೆನಿದ್ದೆ. ನಾನು ಮಾಮ ಅಲ್ಲ ಅಂತ ಹೇಳಬೇಕು ಅನಿಸಲಿಲ್ಲ. “ಬಾ ಮೋನೆ” ಅಂದೆ. ಕೈ ಹಿಡಿದುಕೊಂಡ. ತೋಟದ ಕೆಳಗೆಲ್ಲೋ ನರಿಗಳು ಕೂಗಲು ಶುರುಮಾಡಿದವು. ಅವನು ಗಾಬರಿಯಲ್ಲಿ ಟಾರ್ಚ್ ಎತ್ತಿ ನನ್ನ ಮುಖಕ್ಕೇ ಬಿಟ್ಟ.

“ಓ, ಉಪ್ಪನಾ” ಅಂದ.

ಅವನ ಸ್ವರದಲ್ಲಿ ಏನಿತ್ತು ಅಂತ ನಾನು ಆಮೇಲೆ ತುಂಬ ಸಲ ಯೋಚಿಸಿದ್ದೇನೆ. ನಿರಾಸೆಯೇ, ಸಮಾಧಾನವೇ, ಬರೀ ನಿದ್ದೆಯೇ, ಗೊತ್ತಾಗಲಿಲ್ಲ. ಬೇಲಿಯ ಬದಿಗೆ ಹೋಗಿ ನಿಂತು, ತಿರುಗದೆ ಹೇಳಿದ: “ನೀವು ಅಲ್ಲೇ ನಿಲ್ಲಿ. ಹೋಗ್ಬಾರ್ದು ಆಯ್ತಾ?”

“ಇಲ್ಲ, ಇಲ್ಲೇ ಇದ್ದೇನೆ” ಅಂದೆ. ನನ್ನ ಬಳಿ ಆಗ ಉಳಿದಿದ್ದದ್ದು ಮೂವತ್ತೊಂದು ದಿನ ರಜೆ.

ಮರುದಿನ ಮಧ್ಯಾಹ್ನ ವ್ಯಾನ್ ಇಳಿದವನೇ ಅವನು ಅಂಗಡಿಗೆ ಓಡಿದ. ಭಾವಮೈದುನ ಅಲ್ಲೇ ಕಾಯುತ್ತಾ ಕೂತಿದ್ದ. ಮಗ ಎಲ್ಲ ಕಥೆಯನ್ನೂ ಅವನಿಗೇ ಹೇಳಿದ, ನನ್ನ ಗೊರಕೆ ಸೇರಿಸಿ. ಮುಂದಿನ ಸಲ ಮಾಮನೂ ಬರಬೇಕು, ಮೂವರಿಗೂ ಒಂದೇ ಟೆಂಟ್ ಸಾಕು ಅಂದ. ಆಮೇಲೆ ಅಜ್ಜನಿಗೆ ತೋರಿಸಲು ಅಕ್ಕಿ ಗೋಣಿಯ ಬಾಯಿ ಬಿಚ್ಚಿ, ಹೊಸದಾಗಿ ಕಲಿತ ಗಂಟು ಹಾಕಿದ.

ಉಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಮಡಿಕೆ ಉದ್ದ ಆಯ್ತು. ನಿನ್ನ ಉಪ್ಪನಿಗೂ ಹೀಗೇ, ಇಪ್ಪತ್ತು ವರ್ಷದ ಹಿಂದೆ ಹೇಳಿದ್ದೆ” ಅಂದರು. ಒಂದೇ ಎಳೆತಕ್ಕೆ ಬಿಚ್ಚಿ, ಅವನ ಕೈಯ ಮೇಲೆ ತಮ್ಮ ಕೈ ಇಟ್ಟು ಮೊದಲಿನಿಂದ ಶುರುಮಾಡಿದರು. ಎಣ್ಣೆಗೆ ಬಂದ ಗಿರಾಕಿಯೊಬ್ಬರು ಬಾಟಲಿ ಹಿಡಿದು ಕಾಯುತ್ತಿದ್ದರು. ನಾನು ಎದ್ದು ಹೋಗಿ ಎಣ್ಣೆ ಅಳೆದುಕೊಟ್ಟೆ.