ಮರಳಿನ ತವರು

ಕಡಲಿಗೂ ರಾಮನಗರಕ್ಕೂ ಏನು ಸಂಬಂಧವೆಂದು ಕೇಳಿದರೆ ನಮ್ಮೂರಿನವರು ನಕ್ಕಾರು. ನಮ್ಮಲ್ಲಿರುವುದು ಬಂಡೆ, ರೇಷ್ಮೆಗೂಡು, ಜೊತೆಗೊಂದು ಬಡಕಲು ಅರ್ಕಾವತಿ. ಆದರೆ ಕಡಲು ದಡವನ್ನು ಎಷ್ಟು ತಿಂದಿತೆಂದು ಅಳೆಯುವುದೇ ನನ್ನ ತಂಗಿಯ ಮಗನ ಉದ್ಯೋಗ. ಬಂಗಾಳ ಕೊಲ್ಲಿಯ ದಡದ ತರಂಗಂಬಾಡಿಯಲ್ಲಿ, 1306ರ ಮಾಸಿಲಾಮಣಿನಾಥನ ಗುಡಿಯ ಮುಂಭಾಗವನ್ನು ಸಮುದ್ರ ನುಂಗಿರುವ ಕಡೆ, ಅವನು ಗೂಟ ನೆಟ್ಟು ಮಟ್ಟ ಹಿಡಿಯುತ್ತಾನೆ.

"ಒಂದು ಸಲ ಅಳೆದರೆ ಸಾಲದೇನಯ್ಯ?" ಎಂದು ಕೇಳಿದೆ.

"ಸಾಲದು ಮಾವ. ಹಿಂಗಾರಿನಲ್ಲಿ ಅಲೆ ಮರಳನ್ನು ಎಳೆದೊಯ್ಯುತ್ತದೆ, ಕಡಲು ಶಾಂತವಾದಾಗ ಮತ್ತೆ ತಂದು ಹಾಕುತ್ತದೆ. ಹತ್ತಾರು ವರ್ಷದ ಅಳತೆ, ಹಳೆಯ ನಕಾಶೆ, ಉಪಗ್ರಹದ ಚಿತ್ರ ಎಲ್ಲವನ್ನೂ ಹೊಂದಿಸಿದರೆ ಮಾತ್ರ ನಿಜವಾದ ನಷ್ಟ ತಿಳಿಯುತ್ತದೆ."

"ದಡಕ್ಕೆ ಹೊಸ ಮರಳು ಎಲ್ಲಿಂದ ಬರಬೇಕು?"

ಅವನು ಕಿಟಕಿಯಾಚೆಯ ರಾಮದೇವರ ಬೆಟ್ಟವನ್ನು ತೋರಿಸಿದ.

ಹೌದಲ್ಲ! ಸುಮಾರು 250 ಕೋಟಿ ವರ್ಷದ ಈ ಬಂಡೆ ಬಿಸಿಲು ಮಳೆಗೆ ಸವೆದು, ಹಳ್ಳಕ್ಕಿಳಿದು, ಅರ್ಕಾವತಿಯ ಕೈಹಿಡಿದು ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಕಡೆಯ ಮರಳು ಕಣ್ವೆಯಿಂದ ಶಿಂಷೆಗೆ, ಅಲ್ಲಿಂದ ಕಾವೇರಿಗೆ ಹೊರಡುತ್ತದೆ. ಕಡಲತೀರ ಮರಳಿಗೆ ಗಂಡನ ಮನೆಯಾದರೆ, ತವರು ನಮ್ಮದು.

ಈಗ ಆ ದಾರಿಯೇ ಕಟ್ಟಿದೆ. ಮಾಗಡಿ ಸೀಮೆಯಲ್ಲಿ ಮಂಚನಬೆಲೆ, ಚನ್ನಪಟ್ಟಣದ ಬಳಿ ಕಣ್ವ, ಕೆಳಗೆ 1934ರಿಂದ ಮೆಟ್ಟೂರು. ನೀರು ತೂಬಿನಿಂದ ಹೊರಟೀತು; ಮರಳು ಜಲಾಶಯದ ತಳದಲ್ಲಿಯೇ ಕೂರುತ್ತದೆ. ಹೊಳೆಯಲ್ಲಿ ಉಳಿದಿದ್ದುದು ಲಾರಿ ಹತ್ತಿ ಬೆಂಗಳೂರಿನ ಮಾಳಿಗೆಗಳಾಯಿತು. ಮರಳು ಹೋದ ಮೇಲೆ ಹೊಳೆದಂಡೆಯ ಬಾವಿಗಳೂ ಇಳಿದವು.

ಕಡಲಕೊರೆತಕ್ಕೆ ಇದೊಂದೇ ಕಾರಣವೆಂದು ಹುಡುಗ ಹೇಳಲಿಲ್ಲ. ಅಲೆಗೂ ಬಿರುಗಾಳಿಗೂ ಅವುಗಳದೇ ದಾರಿಯಿದೆ. ಬಂದರಿನ ಗೋಡೆಯೂ ಮರಳನ್ನು ತಡೆಯುತ್ತದೆ. ಅಣೆಕಟ್ಟೇ ಬೇಡವೆನ್ನಲು ನನಗೂ ಬಾಯಿಲ್ಲ. ಕಟ್ಟೆಯ ನೀರಿಲ್ಲದೆ ನಮ್ಮ ಗದ್ದೆ ತೋಟಗಳೆಲ್ಲಿ?

ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಸಂಗಮದ ಕೆಳಗೆ, ಮೇಕೆದಾಟಿನಲ್ಲಿ, ಸುಮಾರು 67 ಟಿ.ಎಂ.ಸಿ. ನೀರು ಹಿಡಿಯುವ ಇನ್ನೊಂದು ಅಣೆಕಟ್ಟಿನ ಪ್ರಸ್ತಾಪವಿದೆ. ಎರಡು ರಾಜ್ಯಗಳ ಜಗಳವೂ ನೀರಿನದೇ. ಯಾರಿಗೆಷ್ಟು ನೀರು ಎಂಬ ವಾದ ದಿನವೂ ಕೇಳುತ್ತೇನೆ. ಮರಳಿನ ಪಾಲಿನ ಮಾತು ಮಾತ್ರ ಒಮ್ಮೆಯೂ ನನ್ನ ಕಿವಿಗೆ ಬಿದ್ದಿಲ್ಲ. ತವರಿನಿಂದ ಹೊರಟ ಮಗಳು ಗಂಡನ ಮನೆ ಮುಟ್ಟಲಿಲ್ಲವೆಂದರೆ, ಮೊದಲು ವಿಚಾರಿಸಬೇಕಾದವರು ತವರಿನವರಲ್ಲವೆ?