ಎಲ್ಲಾ ಹಸಿರು, ಎಲ್ಲಾ ಅರಾಮು

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ಬೈಕೋಬೇಡಿ, ಕಾರಣ ಇದೆ. ಆಫೀಸಿನಲ್ಲಿ ಡಿಆರ್ ಕೆಲಸ ನನ್ನ ತಲೆಗೆ ಬಂದಿತ್ತು. ಡಿಆರ್ ಅಂದ್ರೆ ಡಿಸಾಸ್ಟರ್ ರಿಕವರಿ. ಬೆಂಗಳೂರಿನ ನಮ್ಮ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ರೂ, ನೀರು ನುಗ್ಗಿದ್ರೂ ಹೈದರಾಬಾದಿನಲ್ಲಿರೋ ಇನ್ನೊಂದು ಸರ್ವರ್ ಎದ್ದು ಕೆಲಸ ಮುಂದುವರಿಸಬೇಕು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹಾಕೋದು ನನ್ನ ಪಾಲಿಗೆ ಬಂತು.

ನಮ್ಮದು ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್. ಗೊತ್ತಿಲ್ಲದವರಿಗೆ ಹೇಳ್ತೀನಿ: ಎರಡು ಸರ್ವರ್, ಎರಡಕ್ಕೂ ಸೇರಿ ಒಂದೇ ಡಿಸ್ಕು. ಒಂದು ದುಡಿಯುತ್ತೆ, ಇನ್ನೊಂದು ಕಾಯುತ್ತೆ. ಸೆಕೆಂಡಿಗೊಮ್ಮೆ 'ಇದೀಯಾ?' 'ಇದೀನಿ' ಅಂತ ಮಾತಾಡಿಕೊಳ್ತವೆ. ಇದಕ್ಕೆ ಹಾರ್ಟ್‌ಬೀಟ್ ಅಂತಲೇ ಹೆಸರು. ಒಂದೇ ಸಬ್‌ನೆಟ್ಟಿನಲ್ಲಿ ಸತತ 5 ಬಡಿತ ತಪ್ಪಿದ್ರೆ ಆ ಸರ್ವರ್ ಹೋಯ್ತು ಅಂತ ಲೆಕ್ಕ ಇತ್ತು, ವಿಂಡೋಸ್ ಸರ್ವರ್ 2016ರಲ್ಲಿ ಅದನ್ನ 10 ಮಾಡಿದ್ರು. ಸರ್ವರ್‌ಗಳು ನೆಟ್ಟಗಿದ್ದು ನಡುವಿನ ನೆಟ್‌ವರ್ಕ್ ಮಾತ್ರ ಕಡಿದು, ಎರಡೂ 'ನಾನೇ ಯಜಮಾನ' ಅಂತ ಅದೇ ಡಿಸ್ಕಿಗೆ ಬರೆಯೋಕೆ ಹೊರಟ್ರೆ ಡೇಟಾ ಚಿಂದಿ ಚಿತ್ರಾನ್ನ! ಅದಕ್ಕೇ ವಿಟ್ನೆಸ್ ಅಂತ ಮೂರನೇ ಓಟು. ಬಹುಮತ ಯಾರಿಗೋ ಡಿಸ್ಕು ಅವರಿಗೆ.

ಇಷ್ಟೆಲ್ಲ ಇದ್ರೂ ಎರಡೂ ಸರ್ವರ್ ಇರೋದು ಒಂದೇ ಕಟ್ಟಡದಲ್ಲಿ. ಕಟ್ಟಡವೇ ಹೋದ್ರೆ? ಆಗ ಬೇಕಾಗೋದು ಹೈದರಾಬಾದಿನ ಕಾಪಿ.

ಸಾಫ್ಟ್‌ವೇರನ್ನ ಎರಡೂ ನೋಡ್‌ಗೆ ಹಾಕಿದೆ. ಆದ್ರೆ 'ಯಾರಿಂದ ಕಾಪಿ ಮಾಡಲಿ?' ಅಂತ ಅದು ಕೇಳಿದಾಗ ಕ್ಲಸ್ಟರಿನ ಹೆಸರು ಕೊಡೋ ಬದಲು ಮೊದಲನೇ ನೋಡ್‌ನ ಸ್ವಂತ ಹೆಸರು ಕೊಟ್ಟುಬಿಟ್ಟೆ. ಕ್ಲಸ್ಟರಿನ ಹೆಸರು ದುಡಿಯೋ ನೋಡ್‌ನ ಜೊತೆ ಓಡಾಡುತ್ತೆ. ನೋಡ್‌ನ ಹೆಸರು ಇದ್ದಲ್ಲೇ ಇರುತ್ತೆ. ಇಷ್ಟು ಸಣ್ಣ ವ್ಯತ್ಯಾಸ. ಸ್ಕ್ರೀನಿನಲ್ಲಿ ಹಸಿರು ದೀಪ, ಪಕ್ಕದಲ್ಲಿ 'ಬಾಕಿ: 0'. ಮ್ಯಾನೇಜರ್ ಬೆನ್ನು ತಟ್ಟಿದ್ರು, ನಾನೂ ಬೀಗಿದೆ :)

ಒಂದು ಶನಿವಾರ ರಾತ್ರಿ ಪ್ಯಾಚ್ ಹಾಕಿ ಮೊದಲನೇ ನೋಡ್ ರೀಸ್ಟಾರ್ಟ್ ಮಾಡಿದ್ರು. ಕೆಲಸ ಎರಡನೇ ನೋಡ್‌ಗೆ ಹೋಯ್ತು, ಅಲ್ಲೇ ಉಳೀತು. ಬಳಸೋರಿಗೆ ಗೊತ್ತೇ ಆಗಲಿಲ್ಲ. ಎರಡು ವಾರ ಬಿಟ್ಟು ಡಿಆರ್ ಡ್ರಿಲ್. ಹೈದರಾಬಾದಿನ ಸರ್ವರ್ ಎಬ್ಬಿಸಿ ನೋಡ್ತೀನಿ, ಕೊನೇ ಎಂಟ್ರಿ 14 ದಿನ ಹಳೇದು! 15 ನಿಮಿಷಕ್ಕಿಂತ ಹೆಚ್ಚು ಡೇಟಾ ಕಳೆಯಬಾರದು ಅಂತ ಒಪ್ಪಂದ. ಅಂಗೈ ಬೆವರಿತು. ಮೊದಲನೇ ನೋಡ್‌ನ ಕೈಯಲ್ಲಿ ಡಿಸ್ಕೇ ಇಲ್ಲ, ಕಳಿಸೋಕೆ ಏನೂ ಇಲ್ಲ, ಹಾಗಾಗಿ 'ಬಾಕಿ: 0'. ದೀಪ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು.

ತಪ್ಪು ನನ್ನದೇ ಅಂತ ಆ ರಾತ್ರಿಯೇ ಮ್ಯಾನೇಜರಿಗೆ ಹೇಳಿದೆ. ಕ್ಲಸ್ಟರಿನ ಹೆಸರಿಟ್ಟು ಎಲ್ಲಾ ಮತ್ತೆ ಮಾಡಿದೆ. ಕಾಪಿ ಮಾಡೋ ಸರ್ವಿಸ್ ಕೂಡ ಡಿಸ್ಕಿನ ಜೊತೆಗೇ ನೋಡ್‌ನಿಂದ ನೋಡ್‌ಗೆ ಹೋಗೋ ಹಾಗೆ ಕ್ಲಸ್ಟರಿನ ಒಳಗೇ ಸೇರಿಸಿದೆ. ಎರಡು ಸಲ ಆ ಕಡೆ ಈ ಕಡೆ ಹಾರಿಸಿ, ಪ್ರತಿ ಸಲ ಒಂದೊಂದು ಪರೀಕ್ಷೆಯ ಎಂಟ್ರಿ ಹಾಕಿ, ಅದು ಹೈದರಾಬಾದಿಗೆ ಮುಟ್ಟಿದ್ದನ್ನ ಕಣ್ಣಾರೆ ನೋಡಿದ ಮೇಲೇ ರೂಮಿಗೆ ಹೋಗಿದ್ದು. ಆಗ ಬೆಳಗಿನ ಆರು ಗಂಟೆ.

ಭಾನುವಾರ ಅಲ್ವಾ, ಮಲಗೋ ಮುಂಚೆ ಮನೆಗೆ ಫೋನ್ ಮಾಡಿದೆ. ಸಾಗರದ ಹತ್ತಿರದ ಹಳ್ಳಿ, ಅಪ್ಪ ಅಮ್ಮ ಇಬ್ಬರೇ. ಪ್ರತಿ ವಾರ ನಂದು ಒಂದೇ ಪ್ರಶ್ನೆ, ಅಮ್ಮಂದು ಒಂದೇ ಉತ್ತರ. "ಎಲ್ಲಾ ಅರಾಮು ಮಾರಾಯ, ನೀ ಸರಿ ಊಟ ಮಾಡು." ಅವತ್ತು ಅದನ್ನ ಕೇಳಿ ಆ ಹಸಿರು ದೀಪ ನೆನಪಾಯ್ತು. ಬೇರೆ ಥರ ಕೇಳಿದೆ. "ಅಮ್ಮಾ, ರಾತ್ರಿ ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ತೀಯಾ?"

"ಎಂತಕ್ಕೆ? ನಿಮ್ಮಪ್ಪ ಇದಾರಲ್ಲ."

"ಅಪ್ಪಂಗೇ ಏನಾದ್ರೂ ಆದ್ರೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಹೇಳಿದ್ಲು. ಅಪ್ಪ ಎರಡು ವಾರದ ಹಿಂದೆ ತೋಟದಲ್ಲಿ ಜಾರಿ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡಿದಾರೆ. "ನಿಂಗೆ ಸುಮ್ನೆ ಗಾಬರಿ ಅಂತ ಹೇಳಲಿಲ್ಲ."

ನನ್ನ ಹತ್ತಿರ ಇದ್ದ ಕಾಪಿಯೂ 14 ದಿನ ಹಳೇದು.

ಮುಂದಿನ ವಾರವೇ ಊರಿಗೆ ಹೋಗಿದ್ದೆ. ಅಪ್ಪನ್ನ ಕುರ್ಚಿ ಮೇಲೆ ಕೂರಿಸಿ, ಬಾಯಿ ಬಿಡಬಾರದು ಅಂತ ಹೇಳಿ ಮನೆಯಲ್ಲೂ ಒಂದು ಡ್ರಿಲ್! ಅಮ್ಮ ಪಂಪ್‌ಸೆಟ್ ಹಾಕಿದ್ಲು. ಬ್ಯಾಂಕ್ ಪಾಸ್‌ಬುಕ್ ಹುಡುಕೋಕೆ ಅರ್ಧ ಗಂಟೆ. ಅಪ್ಪನ ಬಿಪಿ ಮಾತ್ರೆಯ ಹೆಸರು ಗೊತ್ತಿರಲಿಲ್ಲ, "ಬಿಳಿ ಮಾತ್ರೆ" ಅಷ್ಟೆ. ಎಲ್ಲಾ ಒಂದು ಹಾಳೆಯಲ್ಲಿ ಬರೆದು ದೇವರ ಕೋಣೆ ಬಾಗಿಲಿಗೆ ಅಂಟಿಸಿ ಬಂದಿದೀನಿ. ಅಪ್ಪ "ನಾನಿನ್ನೂ ಸತ್ತಿಲ್ಲ ಕಣೋ" ಅಂತ ಗೊಣಗಿದ್ರು.

ಈಗ ಭಾನುವಾರದ ಫೋನಿನಲ್ಲಿ 'ಅರಾಮಾ?' ಅಂತ ಕೇಳಲ್ಲ. 'ಅಪ್ಪ ಇವತ್ತು ತೋಟಕ್ಕೆ ಹೋಗಿದ್ರಾ? ಯಾವ ಕೈಯಲ್ಲಿ ಊಟ ಮಾಡಿದ್ರು?' ಅಂತ ಕೇಳ್ತೀನಿ.

ನಿಮ್ಮ ಮನೆ ಕಡೆ ಕೊನೇ ಡ್ರಿಲ್ ಯಾವಾಗ ಆಗಿತ್ತು?